ಕೆಳರಸ್ತೆಯಲ್ಲಿ ನಿಂತ ದಿಬ್ಬಣ

ಪಂಜ್ ನದಿಯ ದಂಡೆಯ ರಸ್ತೆಯ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ನಾನು ಹೇಳಹೊರಟದ್ದು ಅಧಿಕಪ್ರಸಂಗವೆನಿಸಿದರೆ ಕ್ಷಮಿಸಬೇಕು.

ಮೊದಲು ಅಲ್ಲಿದ್ದದ್ದು ಕತ್ತೆಗಳು ನಡೆಯುವ ಕಾಲುದಾರಿ. ಈಗಿನ ರಸ್ತೆ ಮೇಸ್ತ್ರಿ ಕದಂಶೋನ ಅಪ್ಪ ಊರಿನವರ ಜೊತೆ ಹಾರೆ, ಸುತ್ತಿಗೆ ಹಿಡಿದು ಅದನ್ನು ಲಾರಿ ಓಡುವಷ್ಟು ಅಗಲ ಮಾಡಿದ. ಆಮೇಲೆ ನದಿಯ ಮೇಲೆ ಗಡಿ ಕಾವಲು ಬಿಗಿಯಾಯಿತು. ಆಚೆ ದಂಡೆಯ ಆಫ್ಘನ್ ಹಳ್ಳಿಗಳಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಆಚೆಯೇ ಉಳಿದರು. ಆದರೂ ಈಚೆ ಮದುವೆಯಾದಾಗ ದಿಬ್ಬಣ ನದಿಯ ತಿರುವಿನಲ್ಲಿ ನಿಲ್ಲುತ್ತಿತ್ತು. ಹೆಂಗಸರು ದಫ್ ಎಂಬ ಕೈತಮಟೆ ಬಾರಿಸಿದರೆ ಆಚೆಯವರೂ ತಮ್ಮ ದಫ್ ಬಾರಿಸಿ ಉತ್ತರ ಕೊಡುತ್ತಿದ್ದರು.

ನೆರೆ ದಂಡೆಯನ್ನು ಕೊರೆದ ಮೇಲೆ ಸರ್ಕಾರ ಗುಡ್ಡದ ಹಿಂದೆ ಹೊಸ ರಸ್ತೆ ಮಾಡಿತು. ಕೆಳರಸ್ತೆಗೆ ಅಡ್ಡಗಂಬ ಬಿತ್ತು, ಬೀಗ ಬಿತ್ತು. ಬೀಗದ ಕೈ ಕದಂಶೋನ ಬಳಿ ಇತ್ತು.

ತನ್ನ ಮೊಮ್ಮಗಳು ನಿಗೋರಾಳ ಮದುವೆಯ ಬೆಳಿಗ್ಗೆ ಊರಿನ ಸವ್ಸನ್ ಅತ್ತೆ ಅವನ ಬಾಗಿಲಿಗೆ ಬಂದಳು.

"ಬೀಗ ತೆಗಿಯೋ."

"ಅತ್ತೆ, ಸಿಪಾಯಿಗಳು ನೋಡಿದ್ರೆ ನನ್ನ ಕೆಲಸ ಹೋಗ್ತದೆ."

"ಹೋಗ್ಲಿ ಬಿಡು. ನೀನು ಮುಚ್ಚಿದ ಗುಂಡೀಲಿ ನಮ್ಮ ಮೇಕೆ ನೀರು ಕುಡೀತಾವೆ. ಅಂಥಾ ದೊಡ್ಡ ಕೆಲಸ!"

"ತಮಾಷೆ ಬೇಡ. ಆಚೆ ನಿಮ್ಮಕ್ಕ ಬದುಕಿದಾಳೋ ಇಲ್ವೋ, ಯಾರಿಗೆ ಗೊತ್ತು?"

ಹಾಗೆ ಅಂದ ಮೇಲೆ ಅವನಿಗೇ ಕೆಡುಕೆನಿಸಿತು. ಅತ್ತೆ ಸಿಟ್ಟಾಗಲಿಲ್ಲ.

"ಅದನ್ನೇ ಕೇಳೋಣ ಅಂತ ಕಣೋ," ಎಂದಳು.

ಕದಂಶೋ ಬೀಗ ತೆಗೆದ. ದಿಬ್ಬಣದ ಲಾರಿ ನದಿಯ ತಿರುವಿಗೆ ಬಂದು ನಿಂತಾಗ ಎಂಜಿನ್ ಆರಿಸಿದರು. ಚಳಿಗಾಲ ಹತ್ತಿರವಾಗಿ ನೀರು ಇಳಿದಿತ್ತು, ನದಿಯ ಸದ್ದೂ ತಗ್ಗಿತ್ತು. ಕೆಂಪು ಮುಸುಕಿನ ಮದುಮಗಳು ಲಾರಿಯ ಮೇಲೆ ನಿಂತಳು. ಅತ್ತೆ ದಫ್ ಎತ್ತಿ ಬಾರಿಸಿದಳು. ಕೊನೆಯ ಪೆಟ್ಟನ್ನು ಮಾತ್ರ ಸ್ವಲ್ಪ ತಡೆದು ಹೊಡೆದಳು. ಅವರಮ್ಮ ಹೆಣ್ಣುಮಕ್ಕಳಿಬ್ಬರಿಗೂ ಹಾಗೇ ಕಲಿಸಿದ್ದಳು.

ಆಚೆಯಿಂದ ಏನೂ ಕೇಳಲಿಲ್ಲ. ಮೇಲೆ ಹೊಸ ರಸ್ತೆಯಲ್ಲಿ ಸಿಪಾಯಿಗಳ ಜೀಪಿನ ಧೂಳು ಎದ್ದಿತು.

"ಸಾಕು ಅತ್ತೆ, ಹೊರಡೋಣ," ಎಂದ ಕದಂಶೋ.

"ಸುಮ್ನಿರು."

ಅವಳು ಮತ್ತೆ ಬಾರಿಸಿದಳು. ಈ ಸಲ ಆಚೆಯ ಮನೆಗಳ ಕಡೆಯಿಂದ ಸಣ್ಣಗೆ ದಫ್ ಕೇಳಿತು. ಕೊನೆಯ ಪೆಟ್ಟು ತಡೆದು ಬಂತು.

"ನಮ್ಮಕ್ಕ ಇನ್ನೂ ನಿಧಾನಾನೇ," ಎಂದು ಸವ್ಸನ್ ನಕ್ಕಳು. ತಲೆಬಟ್ಟೆಯ ಅಂಚಿನಿಂದ ಮೂಗು ಒರೆಸಿಕೊಂಡಳು.

ಮರುದಿನ ಕದಂಶೋನ ಕೈಯಿಂದ ಬೀಗದ ಕೈ ಹೋಯಿತು, ಕೆಲಸವೇನೋ ಉಳಿಯಿತು. ಅಂದು ಆಚೆ ದಫ್ ಬಾರಿಸಿದ್ದು ಅಕ್ಕನೋ, ಅಕ್ಕನಿಂದ ಕಲಿತ ಮಗಳೋ, ಅವನಿಗೆ ಕೊನೆಗೂ ಗೊತ್ತಾಗಲಿಲ್ಲ. ನನಗೂ ಗೊತ್ತಿಲ್ಲ.