ದೈವದ ಮರ್ಯಾದೆ ಕಾಯುವ ವಾಸಪ್ಪಣ್ಣ

ಕಟ್ಟೆಯ ದೈವಕ್ಕೆ ಕೈಮುಗಿಯುವ ಮುನ್ನ ವಾಸಪ್ಪಣ್ಣ ತಮ್ಮ ಬೂದು ಕೋಟಿನ ಗುಂಡಿಗಳನ್ನು ಕೊರಳಿನವರೆಗೂ ಹಾಕಿಕೊಳ್ಳುತ್ತಾರೆ. ಅಂಗಿ ಕಳಚಿ ದೇವರೆದುರು ನಿಲ್ಲುವುದೇ ರೂಢಿಯಾದ ನಮ್ಮ ಮಂಜೇಶ್ವರದ ಸೆಕೆಯಲ್ಲಿ ಈ ಮನುಷ್ಯ ಕೋಟು ತೊಟ್ಟು, ಕೊಡೆಯನ್ನು ಕಂಕುಳಲ್ಲಿರುಕಿಸಿ, ತುಂಬಿದ ಬಸ್ಸಿನೊಳಗೆ ನುಸುಳುವವರಂತೆ ಒಂದು ಭುಜ ಮುಂದೆ ಮಾಡಿ ಕಡಲಕರೆಯತ್ತ ನಡೆದರೆಂದರೆ, ಊರಲ್ಲಿ ಯಾರಿಗೋ ಕಷ್ಟ ಬಂದಿದೆಯೆಂದೇ ಅರ್ಥ. ನಿವೃತ್ತ ಕಂಡಕ್ಟರರ ನಡಿಗೆಯದು. ಅವರು ಬಸ್ಸು ಬಿಟ್ಟರೂ ಬಸ್ಸು ಅವರನ್ನು ಬಿಟ್ಟಿಲ್ಲ. ಕೋಟೇಕೆಂದು ಒಮ್ಮೆ ಕೇಳಿದ್ದೆ. "ಬೇಡುವವ ಬರಿಮೈಯಲ್ಲಿ ಹೋಗ್ಲಿ. ನಾನು ವಾದ ಮಾಡ್ಲಿಕ್ಕೆ ಹೋಗುವುದು ಮಾರಾಯ" ಎಂದರು.

ತನಗೆಂದು ಅವರು ಏನನ್ನೂ ಕೇಳಿದವರಲ್ಲ. ಹರಕೆಯನ್ನೂ ಹೇಳರು, ಅವರ ಪ್ರಾರ್ಥನೆ ಹರಕೆಗಿಂತ ಹರಟೆಗೇ ಹತ್ತಿರ. ದೇವರಲ್ಲಿ ಮೆಲುದನಿಯಲ್ಲಿ ಮಾತಾಡಬೇಕೆಂದು ಕಾನ್ವೆಂಟಿನಲ್ಲಿ ಕಲಿತ ನನಗೆ, ಗಡಿಯಾಚೆಗೂ ಕೇಳಿಸುವ ಆ ಕಂಠ ಇಂದಿಗೂ ಪುಲಕ. ವಾದವೋ ಒಂದೇ: ದೈವದ ಮಹಿಮೆ, ನಮ್ಮವರು ಕಾರಣಿಕ ಎನ್ನುತ್ತಾರಲ್ಲ, ಅದಕ್ಕೆ ಕುಂದು ಬರಬಾರದು. ಮೋಹಿನಿಯಕ್ಕನ ದನ ತಪ್ಪಿಸಿಕೊಂಡಾಗ, ನಿಮ್ಮ ಗಡಿಯೊಳಗೆ ಹುಲ್ಲುಕಡ್ಡಿಯೂ ಕಳೆಯದೆಂದು ಊರೆಲ್ಲ ಹೇಳಿಕೊಂಡು ಬಂದವನು ನಾನು, ನಾಳೆ ಮುಖ ಎಲ್ಲಿಡಲಿ ಎಂದು ದೈವವನ್ನೇ ಗದರಿದ್ದರು. ಸಂಜೆ ದನ ಬಂತು. ಹಸಿವಾಗಿ ಬಂದಿರಬಹುದೆಂದ ನನ್ನನ್ನು ಅವರು ಟಿಕೆಟಿಲ್ಲದ ಪ್ರಯಾಣಿಕನಂತೆ ನೋಡಿದರು.

ಕಳೆದ ಮಳೆಗಾಲದ ಕೊನೆಗೆ, ಹಠಾತ್ತನೆ ಗಾಳಿಯೆದ್ದ ದಿನ, ಕಡಲಿಗಿಳಿದ ದೋಣಿಗಳೆಲ್ಲ ಮರಳಿ ಪ್ರವೀತನದೊಂದೇ ಮರಳಲಿಲ್ಲ. ಅವನ ಹೆಂಡತಿ ಲೋಲಾಕ್ಷಿ ಕರೆಯಲ್ಲಿ ಮರಗಟ್ಟಿ ನಿಂತಿದ್ದಳು. ವಾಸಪ್ಪಣ್ಣ ಅವಳಿಗೂ, ಬಸ್‌ಸ್ಟ್ಯಾಂಡಿನ ಸಮಸ್ತರಿಗೂ ಸಾರಿಬಿಟ್ಟರು: ಕಟ್ಟೆಗೆ ದೀಪವಿಡುವ ಮೊದಲು ಪ್ರವೀತ ಬರುತ್ತಾನೆ, ಇದು ದೈವದ ಮಾತು. ದೈವ ಅಂಥ ಯಾವ ಮಾತನ್ನೂ ಆಡಿರಲಿಲ್ಲ.

ದೀಪವಿಟ್ಟಾಯಿತು. ಕಡಲು ಬರಿದೇ ಇತ್ತು. ಊರಿಗೆ ಊರೇ ಕಟ್ಟೆಯೆದುರು ಸೇರಿತ್ತು. ವಾಸಪ್ಪಣ್ಣ ಗುಂಡಿ ಹಾಕಿಕೊಂಡು ಆರಂಭಿಸಿದರು: "ಎಲ್ಲ ದೋಣಿ ಬಂದು ಇದೊಂದು ಬಾರದಿದ್ರೆ ಆಚೆ ಊರಿನವರು ಎಂತ ಹೇಳ್ಯಾರು? ಇವರ ದೈವದ ಕೈಲಾಗ್ಲಿಲ್ಲ ಅಂತ ಹೇಳ್ಯಾರು. ನಿಮ್ಮ ಹೆಸರು ಉಳಿಸಿಕೊಳ್ಳಿ ಸ್ವಾಮೀ."

"ಹೆಸರು ಮತ್ತೆ ಉಳೀಲಿ ವಾಸಪ್ಪಣ್ಣ. ಮೊದಲು ಇವರು ಉಳೀಲಿ" ಎಂದಳು ಲೋಲಾಕ್ಷಿ.

ಆ ಕಂಠ ತಗ್ಗಿದ್ದನ್ನು ನಾನು ಕೇಳಿದ್ದು ಅಂದೇ. ಅವರು ಒಂದೊಂದೇ ಗುಂಡಿ ಬಿಚ್ಚಿ, ಕೋಟನ್ನೂ ಒಳಗಿನ ಅಂಗಿಯನ್ನೂ ಕಳಚಿ ಮೆಟ್ಟಿಲ ಮೇಲಿಟ್ಟು, ಬರಿಮೈಯಲ್ಲಿ ನಿಂತರು. "ದೀಪದ ಮೊದಲು ಅಂತ ಹೇಳಿದ್ದು ನಾನು, ನೀವಲ್ಲ. ಹೋಗುವುದಾದ್ರೆ ನನ್ನ ಮರ್ಯಾದೆ ಹೋಗ್ಲಿ. ಅವನನ್ನು ಕೊಡಿ."

ಜನ ಕದಲುವಷ್ಟರಲ್ಲಿ ಲೋಲಾಕ್ಷಿಯ ಮೊಬೈಲು ಹೊಡೆದುಕೊಂಡಿತು. ಅಪರಿಚಿತ ಮಲಯಾಳದ ದನಿ: ಇಂಜಿನು ಕೆಟ್ಟು ತೆಂಕಕ್ಕೆ ತೇಲಿಹೋದ ದೋಣಿಯನ್ನು ನೀಲೇಶ್ವರದ ಕಡೆಯವರು ಎಳೆದು ತಂದಿದ್ದಾರೆ. ಹಿಂದಿನಿಂದ ಪ್ರವೀತನ ದನಿ, ಮೀನು ಸಿಗಲಿಲ್ಲವೆಂಬ ದೂರು. ಕಡಲಕರೆಗೆ ಕಡಲಕರೆಯೇ ಕುಣಿಯಿತು. ನಾನು ಯಾರನ್ನು ತಬ್ಬಿಕೊಂಡೆನೋ ತಿಳಿಯದು. ತಿರುಗಿ ನೋಡಿದರೆ ವಾಸಪ್ಪಣ್ಣನ ಕೋಟು ಆಗಲೇ ಮೈಮೇಲೇರಿತ್ತು, ಕಣ್ಣು ಮಾತ್ರ ಒದ್ದೆ. "ನಾನು ಹೇಳ್ಲಿಲ್ವಾ ಕಾರಣಿಕದ ದೈವ ಅಂತ? ದೀಪ ಇಟ್ಟದ್ದು ಸ್ವಲ್ಪ ಬೇಗ ಆಯ್ತು, ಅಷ್ಟೇ."

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಪರರಿಗಾಗಿ ದೈವದೊಡನೆ ಜಗಳಾಡಿ, ಕೆಲಸ ಕೆಟ್ಟರೆ ದೂರನ್ನು ತಮ್ಮ ತಲೆಗೂ, ಕೈಗೂಡಿದರೆ ಕೀರ್ತಿಯನ್ನು ಕಟ್ಟೆಗೂ ಸಲ್ಲಿಸುವವರು. ದೈವಗಳ ಕಾರಣಿಕ ಇಷ್ಟು ಕಾಲ ಬಾಳಿದ್ದಕ್ಕೆ ಇವರೇ ಕಾರಣರೆಂದು ನನಗೊಂದು ಗುಮಾನಿ. ಅದನ್ನು ಕಟ್ಟೆಯೆದುರು ಹೇಳುವ ಧೈರ್ಯ ನನಗಿಲ್ಲ; ಹೇಳಿದರೆ ಮೊದಲು ಜಗಳಕ್ಕೆ ಬರುವವರು ವಾಸಪ್ಪಣ್ಣನೇ.