ಕುರ್ಚಿ ಏರಿದ ಹೆಷಿ ತಾತ

ಜುಲೈ ಕೊನೆಯ ವಾರ ಬಂತೆಂದರೆ ನಮ್ಮ ಯೆಹೂದಿ ಬೇಸಿಗೆ ಶಿಬಿರದ ಮಕ್ಕಳಿಗೆ ತಲೆ ನೆಟ್ಟಗಿರುವುದಿಲ್ಲ. ನೀಲಿ ತಂಡಕ್ಕೂ ಬಿಳಿ ತಂಡಕ್ಕೂ ನಡೆಯುವ ಆಟೋಟಗಳ ಪಂದ್ಯ, ಅದೇ ಬಣ್ಣದ ಯುದ್ಧ, ಇನ್ನೇನು ಶುರುವಾಗಬೇಕು. ಯಾವಾಗ, ಹೇಗೆ ಎಂದು ದೊಡ್ಡವರು ಬಾಯಿ ಬಿಡುವುದಿಲ್ಲ; ಏನಾದರೊಂದು ನಾಟಕ ಹೂಡಿ ದಿಢೀರನೆ ಸಾರುತ್ತಾರೆ. ಒಂದು ವರ್ಷ ಬೆಂಕಿ ಆರಿಸುವ ಗಾಡಿಯಿಂದ ನೀಲಿ ತಂಡದ ನಾಯಕ ಧುಮುಕಿದ, ಮರುವರ್ಷ ಸುಳ್ಳು ಮದುವೆಯ ವಧು ಮುಸುಕು ಕಿತ್ತೆಸೆದು "ಯುದ್ಧ!" ಎಂದು ಕಿರುಚಿದಳು. ಹಾಗಾಗಿ ಈಗ ನಲ್ಲಿ ರಿಪೇರಿಗೆ ಬಂದವನ ಬೆನ್ನಿಗೂ ಒಂದು ಹಿಂಡು ಓಡುತ್ತದೆ. ಅಡುಗೆಯವಳು ನಾನು, ಸೂಪಿಗೆ ಉಪ್ಪು ಜಾಸ್ತಿ ಮಾಡಿದರೆ ಅದೂ ಸೂಚನೆಯಂತೆ!

ಹದಿನೈದರ ಲಿಬ್ಬಿಗೆ ಮಾತ್ರ ಯುದ್ಧಕ್ಕಿಂತ ತಾತನ ಚಿಂತೆ. ಪ್ರತಿ ಶುಕ್ರವಾರ ಸಂಜೆ, ನಮ್ಮ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಊಟಕ್ಕೆ ಮುಂಚೆ ಮೊಮ್ಮಗಳ ತಲೆ ಮೇಲೆ ಎರಡೂ ಕೈಯಿಟ್ಟು ಹರಸುವುದು ಬ್ರೂಕ್ಲಿನ್ನಿನ ಹೆಷಿ ತಾತನ ರೂಢಿ. ಅವಳು ಹುಟ್ಟಿದಾಗಿನಿಂದ ಈ ಶಿಬಿರಕ್ಕೆ ಬರುವವರೆಗೂ ತಪ್ಪಿಸಿದವರಲ್ಲ. ಅಪ್ಪ ಅಮ್ಮ ಬರುವ ದಿನ ತಾತನನ್ನು ಕರೆತರಬೇಡಿ ಎಂದು ಈ ಮಹಾತಾಯಿ ಹಟ ಹಿಡಿದಿದ್ದಳು.

"ಹುಡುಗರ ಮುಂದೇನೇ ನನ್ನ ತಲೆ ಹಿಡ್ಕೊಂಡು ಮುಣುಮುಣು ಅಂತಾರೆ, ಪೆಸ್ಯಾ ಆಂಟಿ. ಬಂದ್ರೆ ಇವ್ರು ಯಾರೋ ಗೊತ್ತಿಲ್ಲ ಅಂದ್ಬಿಡ್ತೀನಿ," ಎಂದಳು ನನ್ನ ಹಿಟ್ಟು ಕದ್ದು ತಿನ್ನುತ್ತ.

"ಇಬ್ರಿಗೂ ಅದೇ ಆನೆಕಿವಿ ಅಂತ ನೀನೇ ಹೇಳಿದೀಯ. ಯಾರು ನಂಬ್ತಾರೆ ಕಣೇ?" ಎಂದೆ.

ಆ ಶುಕ್ರವಾರ ಮಧ್ಯಾಹ್ನ, ಮಕ್ಕಳೆಲ್ಲ ಸ್ನಾನ ಮಾಡಿ ಸಬ್ಬತ್ತಿಗೆಂದು ಬಿಳಿ ಬಟ್ಟೆ ತೊಟ್ಟು ಅಂಗಳದಲ್ಲಿ ಮೆರೆಯುತ್ತಿದ್ದಾಗ ಟ್ಯಾಕ್ಸಿಯೊಂದು ಬಂತು. ಆ ಸೆಕೆಯಲ್ಲೂ ಕರಿ ಕೋಟು, ಕರಿ ಹ್ಯಾಟು, ಕೈಯಲ್ಲಿ ಗಸಗಸೆ ಬನ್ನಿನ ಪೊಟ್ಟಣ ಹಿಡಿದ ಮುದುಕರೊಬ್ಬರು ಇಳಿದರು. ಕಿವಿ ನೋಡಿದ ಕೂಡಲೇ ನನಗೆ ಗೊತ್ತಾಯಿತು.

"ಯುದ್ಧ!" ಎಂದು ಯಾರೋ ಕೂಗಿದರು. ಅಷ್ಟೇ ಸಾಕಾಯಿತು. ಊಟದ ಮನೆಯಿಂದ ಕುರ್ಚಿ ಬಂತು, ತಾತ ಅದರ ಮೇಲೆ ಕೂತರು, ನಮ್ಮ ಮದುವೆಗಳಲ್ಲಿ ವರನನ್ನು ಎತ್ತಿ ಕುಣಿಸುವ ಹಾಗೆ ಕುರ್ಚಿ ಹುಡುಗರ ಹೆಗಲೇರಿತು.

"ಯಾರದಪ್ಪಾ ಮದುವೆ?" ತಾತ ಮೇಲಿಂದ ಕೇಳಿದರು.

"ನೀಲಿನಾ ಬಿಳಿನಾ, ತಾತ?"

"ಕಪ್ಪು ಕಾಫಿ ಇದ್ರೆ ಕೊಡ್ರಪ್ಪ."

ಲಿಬ್ಬಿ ಅಡುಗೆಮನೆ ಬಾಗಿಲಲ್ಲಿ ನನ್ನ ಬೆನ್ನ ಹಿಂದೆ ಅಡಗಿದ್ದಳು. "ಹೇಳ್ಬೇಡಿ ಆಂಟಿ, ದಮ್ಮಯ್ಯ!" ಕಪಾಳಕ್ಕೊಂದು ಬಿಡೋಣ ಅನ್ನಿಸಿತು.

ಅಷ್ಟರಲ್ಲಿ ಶಿಬಿರದ ಮುಖ್ಯಸ್ಥೆ ಶುಲಾ ಓಡಿ ಬಂದಳು. "ಇಳಿಸ್ರೋ! ಇದು ನಮ್ಮ ನಾಟಕ ಅಲ್ಲ!" ಗಲಾಟೆ ನಿಂತಿತು. ಕುರ್ಚಿ ನೆಲಕ್ಕೆ ಬಂತು. "ಯಾರು ನೀವು? ಯಾರನ್ನ ನೋಡೋಕೆ ಬಂದ್ರಿ?"

ತಾತ ಉತ್ತರಕ್ಕೆ ಬಾಯಿ ತೆರೆದವರು ಬಾಗಿಲ ಕಡೆ ನೋಡಿದರು. ನನ್ನ ಸೊಂಟದ ಪಕ್ಕದಲ್ಲಿ ಇಣುಕುತ್ತಿದ್ದ ಮೊಮ್ಮಗಳ ಮುಖ ಕಂಡಿತು. ಅವಳ ಮುಖದಲ್ಲಿದ್ದದ್ದೂ ಕಂಡಿರಬೇಕು. ಹ್ಯಾಟು ಸರಿಮಾಡಿಕೊಂಡರು.

"ಯಾರನ್ನೂ ಇಲ್ಲಮ್ಮ. ಬೇರೆ ಶಿಬಿರಕ್ಕೆ ಹೋಗ್ಬೇಕಿತ್ತು, ದಾರಿ ತಪ್ಪಿದೆ."

ಬನ್ನಿನ ಪೊಟ್ಟಣವನ್ನು ಪಕ್ಕದಲ್ಲಿದ್ದ ಹುಡುಗನ ಕೈಗಿತ್ತು, ಟ್ಯಾಕ್ಸಿಯತ್ತ ನಡೆದರು. ಹಿಂದೆ ತಿರುಗಿದರೆ ಲಿಬ್ಬಿ ಅಲ್ಲಿರಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಅಂಗಳದಲ್ಲಿ ಓಡುತ್ತಿದ್ದಳು.

"ತಾತ! ನಿಂತ್ಕೊಳಿ!"

"ನೋಡ್ರೋ, ನಾಟಕ ಇನ್ನೂ ಇದೆ!" ಎಂದು ಒಬ್ಬ ಚಪ್ಪಾಳೆ ಹೊಡೆದ.

"ನಾಟಕ ಅಲ್ವೋ ಕತ್ತೆ! ನಮ್ಮ ತಾತ ಅವ್ರು!"

ಓಡಿಹೋಗಿ, ಅಷ್ಟು ಜನರ ನಡುವೆ ತಾತನ ಮುಂದೆ ತಲೆ ಬಗ್ಗಿಸಿ ನಿಂತಳು. ತಾತನಿಗೇ ಗಾಬರಿ.

"ಇಲ್ಲೇನೇ? ಎಲ್ರೂ ನೋಡ್ತಿದಾರಲ್ಲೇ, ನನ್ನ ಪುಟ್ಟ ಲಿಬ್ಬೆಲೆ."

"ನೋಡ್ಲಿ."

ಅವರು ಕೈ ಚಾಚಿದರು. ಆದರೆ ತಲೆಗೆ ತಾಗಿಸದೆ, ಒಂದಿಷ್ಟು ಮೇಲೆಯೇ ಹಿಡಿದರು. ಆಗ ಲಿಬ್ಬಿ ತಾತನ ಎರಡೂ ಮಣಿಕಟ್ಟು ಹಿಡಿದು, ಆ ಕೈಗಳನ್ನು ತನ್ನ ನೆತ್ತಿಗೆ ಒತ್ತಿಕೊಂಡಳು. ಮುಣುಮುಣು ಮುಗಿಯುವವರೆಗೂ ಬಿಡಲಿಲ್ಲ.