ಹಿಂದಿನ ಗೇಟಿನ ಕಾರು

ಗಂಭೀರವಾದ ವಿಷಯವೊಂದನ್ನು ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಸರಿಯಾಗಿ ಕೂತು ಕೇಳಬೇಕು. ನನ್ನ ಎಡಗಡೆಯ ಹಿಂಬಾಗಿಲು ಒಂದೇ ಏಟಿಗೆ ಮುಚ್ಚುವುದಿಲ್ಲ. ಎರಡು ಸಲ ಬಡಿಯಬೇಕು. ನನ್ನ ಬಾಳಿನ ಲೋಪ ಇದೊಂದೇ. ಮಿಕ್ಕ ಲೋಪಗಳೆಲ್ಲ ಮನುಷ್ಯರವು.

ನಾನು ಒಂದು ಸಣ್ಣ ಬಿಳಿ ಕಾರು. ಕಾರ್ಖಾನೆಯಲ್ಲಿ ನನ್ನಂಥವರು ನಿಮಿಷಕ್ಕೊಬ್ಬರಂತೆ ಹುಟ್ಟುತ್ತಿದ್ದರು. ಹೆಸರಿಡುವ ಪುರಸೊತ್ತು ಯಾರಿಗೂ ಇರಲಿಲ್ಲ, ನಂಬರು ಕೊಟ್ಟು ಲಾರಿ ಹತ್ತಿಸಿದರು. ತಿಪಟೂರಿನಲ್ಲಿ ನನ್ನನ್ನು ಕೊಂಡವರು ರುದ್ರಾರಾಧ್ಯರು, ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರು. ದಿನಾ ಓಡಿಸಿದವರು ಮಾತ್ರ ಅವರ ಹೆಂಡತಿ ಗೌರಮ್ಮ.

ಗೌರಮ್ಮ ಮದುವೆಗಳಿಗೆ ಕಾಯಿ ಹೋಳಿಗೆ ಮಾಡಿಕೊಡುತ್ತಿದ್ದರು. ನನ್ನ ಹಿಂದಿನ ಸೀಟು ಮಡಚಿ, ಸ್ಟೀಲ್ ಡಬ್ಬಗಳನ್ನು ಜೋಡಿಸಿ, ಬಾಗಿಲನ್ನು ಎರಡು ಸಲ ಬಡಿದು ಹೊರಡುವರು. ಊರಿನ ದೊಡ್ಡ ಛತ್ರದ ಹೋಳಿಗೆಯೆಲ್ಲ ಅವರದೇ. ಛತ್ರದ ಮ್ಯಾನೇಜರ್ ಪರಮೇಶಪ್ಪನವರ ಷರತ್ತು ಒಂದೇ: ಮೊದಲ ಪಂಕ್ತಿ ಕೂರುವ ಮುಂಚೆ ಹೋಳಿಗೆ ಅಡುಗೆಮನೆಯಲ್ಲಿರಬೇಕು. ಒಂದು ಸಲ ತಪ್ಪಿದರೂ ಕೆಲಸ ಬೇರೆಯವರಿಗೆ. ಹನ್ನೊಂದು ವರ್ಷ ಗೌರಮ್ಮನೂ ತಪ್ಪಲಿಲ್ಲ, ನಾನೂ ತಪ್ಪಲಿಲ್ಲ. ಅಡುಗೆಮನೆ ಹಿಂಭಾಗದಲ್ಲಿದ್ದುದರಿಂದ ನಮ್ಮ ದಾರಿ ಹಿಂದಿನ ಗೇಟು. ತುಪ್ಪ, ಏಲಕ್ಕಿಯ ವಾಸನೆ ನನ್ನ ಮೈಗೆ ಹತ್ತಿಬಿಟ್ಟಿತ್ತು. ನನಗದು ಪದಕ.

ಒಂದು ಸಲ ಗಂಡ ಹೆಂಡತಿ ಅದೇ ಛತ್ರಕ್ಕೆ ನೆಂಟರಾಗಿ ಹೊರಟರು, ಸಹೋದ್ಯೋಗಿಯೊಬ್ಬರ ಮಗನ ಮದುವೆಗೆ. ಮೇಷ್ಟ್ರು ಜರಿ ಪಂಚೆ, ಶಲ್ಯದಲ್ಲಿದ್ದರು. ಮುಂದಿನ ಗೇಟಿನಲ್ಲಿ ಕಾವಲಿನ ಬೋರಯ್ಯ ನನ್ನನ್ನು ಕಂಡದ್ದೇ ಸೀಟಿ ಊದಿದ.

"ಅಡುಗೆಯೋರು ಹಿಂದ್ಗಡೆ ಗೇಟಿಗೆ ಹೋಗಿ ಸಾ."

"ಏ ಬೋರಯ್ಯ, ಊಟಕ್ಕೆ ಬಂದಿದೀನಿ ಕಣೋ!"

"ಅದಕ್ಕೇನಂತೆ ಸಾ, ಊಟ ಬರೋದೂ ಹಿಂದ್ಗಡೆಯಿಂದ್ಲೇ."

ಹಿಂದಿನ ಕಾರಿನಲ್ಲಿದ್ದ ಮೇಷ್ಟ್ರುಗಳೆಲ್ಲ ನಕ್ಕರು. ಗೌರಮ್ಮನೂ ನಕ್ಕರು. ರುದ್ರಾರಾಧ್ಯರು ನಗಲಿಲ್ಲ. ಇಳಿದು ಹಿಂದಿನ ಸೀಟಿನಿಂದ ಉಡುಗೊರೆ ತೆಗೆದುಕೊಂಡು ನನ್ನ ಹಿಂಬಾಗಿಲು ಹಾಕಿದರು, ಅದು ಮುಚ್ಚಲಿಲ್ಲ. ಎರಡನೆಯ ಸಲ ಬಡಿದ ಏಟು ನನಗೆ ಇನ್ನೂ ನೆನಪಿದೆ.

ಅವರು ಅವತ್ತೇ ಒಂದು ತರ್ಕ ಕಟ್ಟಿದರು. ದೊಡ್ಡವರು ದೊಡ್ಡ ಕಾರಿನಲ್ಲಿ ಬರುತ್ತಾರೆ, ಆದ್ದರಿಂದ ದೊಡ್ಡ ಕಾರಿನಲ್ಲಿ ಬಂದವರೆಲ್ಲ ದೊಡ್ಡವರು. ಪಿಯುಸಿ ಹುಡುಗ ಯಾರಾದರೂ ಹೀಗೆ ಬರೆದಿದ್ದರೆ ಸೊನ್ನೆ ಸುತ್ತುತ್ತಿದ್ದರು.

ಗೌರಮ್ಮ ತಂಗಿಯ ಸೀಮಂತಕ್ಕೆ ಹೋಗಿದ್ದ ದಿನ ನೋಡಿಕೊಂಡು ನನ್ನನ್ನು ತುಮಕೂರಿಗೆ ಒಯ್ದರು. ಹಳೇ ಕಾರಿನ ಅಂಗಡಿಯಲ್ಲಿ ನನ್ನನ್ನು ಬಿಟ್ಟು, ಮೇಲೊಂದಿಷ್ಟು ದುಡ್ಡು ಸುರಿದು, ಕಪ್ಪು ಬಣ್ಣದ ವಿದೇಶಿ ಕಾರೊಂದನ್ನು ಹಿಡಿದರು. ಅದು ನನಗಿಂತ ನಾಲ್ಕು ವರ್ಷ ದೊಡ್ಡದು. "ಮಿನಿಸ್ಟ್ರು ಓಡಾಡಿದ್ ಗಾಡಿ ಸಾರ್. ಸ್ಪ್ರಿಂಗೇ ಇಲ್ಲ, ಗಾಳಿ ಚೀಲದ ಮೇಲೆ ತೇಲುತ್ತೆ," ಎಂದ ಅಂಗಡಿಯವನು. ಮಿನಿಸ್ಟ್ರು ಯಾಕೆ ಇಳಿದುಹೋದರು ಎಂದು ತರ್ಕದ ಮೇಷ್ಟ್ರು ಕೇಳಲಿಲ್ಲ. ನನ್ನ ಸೀಟಿನ ಕೆಳಗೆ ಹೋಳಿಗೆ ಡಬ್ಬದ ಮುಚ್ಚಳವೊಂದು ಉಳಿದಿತ್ತು. ಅದನ್ನೂ ನೋಡದೆ ಹೋದರು. ಹಾರ್ನ್ ಹೊಡೆದು ಬೈಯಬಹುದಿತ್ತಲ್ಲ ಎನ್ನುತ್ತೀರಿ. ಹಾರ್ನ್ ಕೂಡ ಒತ್ತಿದವರದೇ ಸ್ವಾಮಿ, ನಮ್ಮದಲ್ಲ.

ನನ್ನನ್ನು ಕೊಂಡವರು ತಿಪಟೂರಿನವರೇ, ಬಾಳೆಲೆ ವ್ಯಾಪಾರದ ದಸ್ತಗೀರ್ ಸಾಬರು. ಹಾಗಾಗಿ ತಿಂಗಳೊಳಗೆ ಮತ್ತೆ ಅದೇ ಹಿಂದಿನ ಗೇಟಿಗೆ ಬಂದೆ, ಈ ಸಲ ಎಲೆ ಹೊತ್ತುಕೊಂಡು.

ವೈಶಾಖದ ಒಂದು ಭಾನುವಾರ. ಸಾವಿರ ಹೋಳಿಗೆಯ ಮದುವೆ. ಎಲೆ ಹಾಕುವ ಹೊತ್ತಾದರೂ ಗೌರಮ್ಮ ಬಂದಿರಲಿಲ್ಲ. ಬೋರಯ್ಯ ಓಡಿಬಂದ. "ಸಾಬ್ರೆ, ಗಾಡಿ ತಗೊಂಡ್ ಬನ್ನಿ! ಮೇಷ್ಟ್ರು ಮುಂದ್ಗಡೆ ಗೇಟಲ್ಲೇ ಕೂತ್ಬಿಟ್ಟವ್ರೆ."

ಹೋಗಿ ನೋಡಿದರೆ, ಗೇಟಿನ ಬಾಯಲ್ಲಿದ್ದ ರೋಡ್ ಹಂಪಿನ ಮೇಲೆ ಕಪ್ಪು ಕಾರು ಎಮ್ಮೆಯಂತೆ ಹೊಟ್ಟೆ ಊರಿ ಮಲಗಿತ್ತು. ಹಂಪು ತಗುಲಿ ಗಾಳಿ ಚೀಲ ಒಡೆದಿತ್ತು, ಮತ್ತೆ ಗಾಳಿ ತುಂಬಲು ಹೆಣಗಿ ಬ್ಯಾಟರಿ ಬರಿದಾಗಿ ದೀಪಗಳೆಲ್ಲ ಆರಿದ್ದವು. ಅದರ ಸೀಟು ಮಡಚಲು ಬರುವುದಿಲ್ಲ, ಡಬ್ಬಗಳೆಲ್ಲ ಡಿಕ್ಕಿಯಲ್ಲಿ. ಡಿಕ್ಕಿಯ ಬೀಗ ಕರೆಂಟಿನದು. ಕರೆಂಟು ಸತ್ತಿತ್ತು. ಊಟಕ್ಕೆ ಬಂದವರ ಕಾರುಗಳು ಹಿಂದೆ ಸಾಲಾಗಿ ನಿಂತು ಅರಚುತ್ತಿದ್ದವು.

"ಹಿಂದ್ಗಡೆ ಗೇಟಿಗೆ ಹೋಗಿ ಅಂತ ಬಡ್ಕೊಂಡೆ ಕಣ್ರೀ!" ಗೌರಮ್ಮನ ಮುಖ ಕೆಂಡವಾಗಿತ್ತು. "ಬೋರಯ್ಯನ ಕೈಲಿ ಸಲಾಮು ಹೊಡೆಸ್ಕೊಳಕ್ಕೆ ನನ್ನ ಹೋಳಿಗೇನೇ ಬೇಕಾಯ್ತಾ ನಿಮ್ಗೆ?"

"ಒಂದ್ನಿಮಿಷ ಇರೇ, ತಾನೇ ಗಾಳಿ ತುಂಬ್ಕೊಳುತ್ತೆ."

"ನಿಮ್ಮಲ್ಲಿ ತುಂಬಿರೋದೇ ಸಾಕು!"

ದಸ್ತಗೀರ್ ಸಾಬರು ಹಾರೆ ತಂದರು. "ಪೇಂಟು ಹೋಗುತ್ತೆ ಸಾಬ್ರೆ, ನಿಧಾನ," ಎಂದರು ಮೇಷ್ಟ್ರು. ಸಾಬರು ಗೌರಮ್ಮನ ಮುಖ ನೋಡಿದರು. ಗೌರಮ್ಮ ಹಾರೆಯನ್ನು ತಾವೇ ಕಿತ್ತುಕೊಂಡು ಡಿಕ್ಕಿಯ ಸಂದಿಗೆ ತುರುಕಿದರು. ಮೂರನೆಯ ಮೀಟಿಗೆ ಅದು ಬಾಯಿ ಬಿಟ್ಟಿತು. ಡಬ್ಬಗಳನ್ನು ನನ್ನೊಳಗೆ ತುಂಬಿ, ಬಾಗಿಲನ್ನು ಎರಡು ಸಲ ಬಡಿದು, ಗೌರಮ್ಮನೇ ನನ್ನನ್ನು ಓಡಿಸಿದರು. ನಾನು ಅಷ್ಟು ಜೋರಾಗಿ ಎಂದೂ ಓಡಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಪರಮೇಶಪ್ಪನವರು ನಿಂತಿದ್ದರು. ಅವರ ಹಿಂದೆ ಮೊದಲ ಪಂಕ್ತಿಯವರು ಉಂಡೆದ್ದು ಕೈ ತೊಳೆಯುತ್ತಿದ್ದರು.

"ಬೀಗರ ಎಲೆಗೆ ಮೈಸೂರು ಪಾಕ್ ಬಡಿಸ್ಬೇಕಾಯ್ತು, ಗೌರಮ್ಮ. ಹನ್ನೊಂದು ವರ್ಷದ ಮುಖ ನೋಡಿ ಇವತ್ತಿನದು ಇಳಿಸ್ಕೋತೀನಿ. ನಾಳೆಯಿಂದ ಬೇಡ."

ಗೌರಮ್ಮ ಬೇಡಿಕೊಳ್ಳಲಿಲ್ಲ. ಡಬ್ಬ ಇಳಿಸುವಾಗ ಸೀಟಿನ ಕೆಳಗಿನ ಮುಚ್ಚಳ ಕೈಗೆ ಸಿಕ್ಕಿತು. ಸೆರಗಿನಿಂದ ಒರೆಸಿ ಕಂಕುಳಲ್ಲಿಟ್ಟುಕೊಂಡರು. ಬಾಗಿಲು ಹಾಕಿದರು, ಮತ್ತೆ ಹಾಕಿದರು. ಮುಂದಿನ ಗೇಟಿನತ್ತ ತಿರುಗಿಯೂ ನೋಡದೆ ಹಿಂದಿನ ಗೇಟಿನಿಂದ ನಡೆದು ಹೋದರು.

ಈಗ ನನಗೆ ವಯಸ್ಸಾಗಿದೆ. ಸಾಬರ ಎಲೆ ಮಂಡಿಯ ಹಿಂದೆ ನಿಂತಿದ್ದೇನೆ, ಕರೆದರೆ ಈಗಲೂ ಮೊದಲ ಕೀಲಿಗೇ ಏಳುತ್ತೇನೆ. ಕಪ್ಪು ಕಾರು ಮೇಷ್ಟ್ರ ಮನೆಯ ಮುಂದೆ ಕವರು ಹೊದ್ದು ಮಲಗಿದೆಯಂತೆ, ಬೋರಯ್ಯ ಹೇಳುತ್ತಿದ್ದ. ಮೇಷ್ಟ್ರು ನನ್ನನ್ನು ಬಿಟ್ಟುಹೋದದ್ದಕ್ಕೆ ನನಗೆ ಕೋಪವಿಲ್ಲ, ಕಾರುಗಳೆಲ್ಲ ಕೈ ಬದಲಾಯಿಸುತ್ತವೆ. ಆ ಹೆಂಗಸನ್ನು ಒಂದು ಮಾತು ಕೇಳಲಿಲ್ಲವಲ್ಲ, ಆ ಕೋಪ ನನ್ನ ತುಕ್ಕಿನ ಜೊತೆಗೇ ಬೆಳೆಯುತ್ತಿದೆ.

ಛತ್ರಕ್ಕೆ ಹೋಳಿಗೆ ಈಗ ಅರಸೀಕೆರೆಯಿಂದ ಟೆಂಪೋದಲ್ಲಿ ಬರುತ್ತದೆ, ಹಿಂದಿನ ಗೇಟಿನಿಂದ.